ಮನೆಯಿಂದಲೇ ಕೆಲಸ ಮಾಡುವ ತಂಡ ಒಬ್ಬರಿಗೊಬ್ಬರು ಹತ್ತಿರ ಆಗೋದು ಹೇಗೆ? ಅನುಭವ ಇದ್ದವರು ಹೇಳಿ

ಹೊಳೆದಂಡೆ (ತೀರ್ಥಹಳ್ಳಿ ಹತ್ತಿರ), ಜೂನ್ 24

ಎಲ್ಲರಿಗೂ ನಮಸ್ಕಾರ. 2020ರ ಮಾರ್ಚ್‌ನಲ್ಲಿ ಬೆಂಗಳೂರಿನ ರೂಮಿಗೆ ಬೀಗ ಹಾಕಿ ಊರಿಗೆ ಬಂದವನು ನಾನು. ಹದಿನೈದು ದಿನ ಇದ್ದು ಹೋಗೋಣ ಅಂದುಕೊಂಡಿದ್ದೆ. ಇಲ್ಲೇ ಉಳಿದೆ. ಅಪ್ಪ ಅಮ್ಮನ ಜೊತೆ ಇದ್ದೇನೆ, ತೋಟ ನೋಡಿಕೊಳ್ಳುತ್ತೇನೆ, ಸಾಫ್ಟ್‌ವೇರ್ ಕೆಲಸವೂ ನಡೆಯುತ್ತಿದೆ. ಈ ವರ್ಷ ಯುಗಾದಿ ಹೊತ್ತಿಗೆ ನನ್ನನ್ನು ಟೀಮ್ ಲೀಡ್ ಮಾಡಿದರು. ನಾನೂ ಸೇರಿ 9 ಜನ. ಬೆಂಗಳೂರಲ್ಲಿ ಇಬ್ಬರು, ಹುಬ್ಬಳ್ಳಿಯಲ್ಲಿ ಇಬ್ಬರು, ಪುಣೆಯಲ್ಲಿ ಇಬ್ಬರು, ಸಾಗರ ಮತ್ತು ಶಿವಮೊಗ್ಗದಲ್ಲಿ ಒಬ್ಬೊಬ್ಬರು.

ತಿಂಗಳಿಗೊಂದು ಟೀಮ್ ಬಿಲ್ಡಿಂಗ್ ಚಟುವಟಿಕೆ ಮಾಡಲೇಬೇಕು ಅಂತ ಕಂಪನಿಯಲ್ಲಿ ನಿಯಮ ಇದೆ. ಮೂರು ಮಾಡಿದೆ. ಮೊದಲನೆಯದು ಕ್ವಿಜ್. ಇಬ್ಬರೇ ಉತ್ತರ ಹೇಳಿದರು, ಉಳಿದವರು ಕೇಳಿಸಿಕೊಂಡು ಕೂತರು. ಎರಡನೆಯದು ಚಿತ್ರ ಬಿಡಿಸಿ ಊಹಿಸುವ ಆಟ, ಶುಕ್ರವಾರ ಸಂಜೆ 6ಕ್ಕೆ. ಆವತ್ತು ಜೋರು ಮಳೆ. ಸಾಗರದವರ ಲೈನ್ ಮೂರು ಸಲ ಕಟ್ ಆಯಿತು. ಮೂರನೆಯದರಲ್ಲಿ ಎಲ್ಲರೂ ಕ್ಯಾಮೆರಾ ಹಾಕಿಕೊಂಡು ತಮ್ಮ ಬಗ್ಗೆ ಮಾತಾಡಬೇಕಿತ್ತು. ಹುಬ್ಬಳ್ಳಿಯಿಂದ ಹೊಸದಾಗಿ ಸೇರಿದ ಹುಡುಗಿ ಮೂರು ವಾಕ್ಯ ಹೇಳಿ ತಲೆ ತಗ್ಗಿಸಿದಳು. ಆಮೇಲೆ ಶಿವಮೊಗ್ಗದ ಹುಡುಗ ಫೋನ್ ಮಾಡಿ, "ಅಣ್ಣಾ, ಇದೊಂದು ಬೇಡ, ಅವಳಿಗೆ ಹಿಂಸೆ ಆಯಿತು" ಅಂದ.

ಆಟ ಚೆನ್ನಾಗಿ ಆಗಲಿಲ್ಲ ಅನ್ನೋದು ನನ್ನ ಚಿಂತೆ ಅಲ್ಲ. ಕಳೆದ ತಿಂಗಳು ಬಿಲ್ಲಿಂಗ್ ಭಾಗದಲ್ಲಿ ಒಂದು ದೊಡ್ಡ ತಪ್ಪಾಯಿತು. ಅದರ ಕಾರಣ ಆ ಹುಡುಗಿಗೆ ಎರಡು ದಿನ ಮೊದಲೇ ಕಂಡಿತ್ತು. ಆ ಕೋಡ್ ಬರೆದವರು ಪುಣೆಯಲ್ಲಿದ್ದಾರೆ. ಅವರ ಜೊತೆ ಅವಳು ಒಂದು ಸಲವೂ ಮಾತಾಡಿಲ್ಲ. "ನನಗಿಂತ ಎಷ್ಟೋ ವರ್ಷ ಹಿರಿಯರು, ನಿಮ್ಮದು ತಪ್ಪು ಅಂತ ಹೇಗೆ ಹೇಳಲಿ ಸರ್?" ಅಂತ ಆಮೇಲೆ ನನ್ನ ಹತ್ತಿರ ಅತ್ತಳು. ಒಂದೇ ಆಫೀಸಿನಲ್ಲಿ ಇದ್ದಿದ್ದರೆ ಟೀ ಕುಡಿಯೋ ಹೊತ್ತಿಗೆ ಬಗೆಹರಿಯುವ ಮಾತು ಅದು. ನನಗೆ ಸರಿ ಮಾಡಬೇಕಾಗಿರೋದು ಇದನ್ನು. ಹೇಗೆ?

ಗಾಜನೂರು ರಸ್ತೆ

ಮೊದಲು ಕ್ಯಾಮೆರಾ ಕಡ್ಡಾಯ ಅನ್ನೋದನ್ನು ತೆಗೆಯಿರಿ. ವಿಡಿಯೊ ಕಾಲ್‌ನಿಂದ ಯಾಕೆ ಸುಸ್ತಾಗುತ್ತದೆ ಅಂತ 2021ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರೆಮಿ ಬೇಲೆನ್ಸನ್ ಬರೆದಿದ್ದರು. ಎಲ್ಲರ ಮುಖ ತೀರಾ ಹತ್ತಿರದಿಂದ ದಿಟ್ಟಿಸಿದ ಹಾಗೆ ಇರುತ್ತದೆ. ನಮ್ಮ ಮುಖ ನಾವೇ ನೋಡುತ್ತಾ ಕೂರಬೇಕು. ಕೂತಲ್ಲಿಂದ ಅಲ್ಲಾಡುವ ಹಾಗಿಲ್ಲ. ತಲೆ ಆಡಿಸೋದು, ನಗೋದು ಕೂಡ ಬೇಕಂತಲೇ ಎದ್ದು ಕಾಣುವ ಹಾಗೆ ಮಾಡಬೇಕು. ಹೊಸದಾಗಿ ಸೇರಿದವರಿಗೆ ಇದು ಇನ್ನೂ ಕಷ್ಟ.

ನಮ್ಮ ಕಡೆ ಮಳೆಗಾಲದ ಲೆಕ್ಕ ಬೇರೆ ಇದೆ. ಗ್ರೂಪ್ ವಿಡಿಯೊ ಕಾಲ್‌ಗೆ ಸೆಕೆಂಡಿಗೆ 1 ಮೆಗಾಬಿಟ್‌ಗಿಂತ ಜಾಸ್ತಿ ವೇಗ ಬೇಕು. ಬರೀ ಧ್ವನಿಗೆ 100 ಕಿಲೋಬಿಟ್ ಕೂಡ ಬೇಡ. ಮರದ ಕೊಂಬೆ ಬಿದ್ದು ಕೇಬಲ್ ಹರಿದ ದಿನವೂ ಮೊಬೈಲಿನಲ್ಲಿ ಮಾತು ನಡೆಯುತ್ತದೆ. ಮಾತನ್ನು ನಂಬಿ, ಚಿತ್ರವನ್ನಲ್ಲ.

ಕೊಟ್ಟಿಗೆ ಬೆಳಕು (ಹೊಸನಗರ)

ಶುಕ್ರವಾರ ಸಂಜೆ 6 ಅಂದರೆ ನನಗೆ ಹಾಲು ಕರೆಯುವ ಹೊತ್ತು. ದನ ಕಾಯುವುದಿಲ್ಲ. ಆಮೇಲೆ ಮಗಳ ಓದು, ಅತ್ತೆಯ ಮಾತ್ರೆ, ರಾತ್ರಿ ಅಡುಗೆ. ನಮ್ಮ ಹಿಂದಿನ ಟೀಮಿನಲ್ಲಿ ಇಂಥ ಆಟಗಳೆಲ್ಲ ಸಂಜೆಯೇ ಇರುತ್ತಿದ್ದವು. ನಾನು ಬರುತ್ತಿರಲಿಲ್ಲ. ವರ್ಷದ ಕೊನೆಗೆ "ತಂಡದ ಜೊತೆ ಬೆರೆಯುವುದಿಲ್ಲ" ಅಂತ ನನ್ನ ಬಗ್ಗೆ ಬರೆದರು. ಅದನ್ನು ಓದಿದ ದಿನ ತುಂಬಾ ನೋವಾಗಿತ್ತು.

ಏನೇ ಮಾಡಿ, ಕೆಲಸದ ಹೊತ್ತಿನಲ್ಲೇ ಮಾಡಿ. ಬುಧವಾರ ಬೆಳಿಗ್ಗೆ 11 ಒಳ್ಳೆಯದು. ಮತ್ತೆ, ಬಾರದೆ ಇದ್ದವರ ಹೆಸರು ಎಲ್ಲೂ ಬರೆದಿಡಬೇಡಿ.

ಆರು ಗಂಟೆ

ಬೇಸರ ಮಾಡಿಕೊಳ್ಳಬೇಡಿ, ನಾನು ಬೇರೆ ಮಾತು ಹೇಳುತ್ತೇನೆ. ಎಲ್ಲರಿಗೂ ಆಫೀಸಿನಲ್ಲಿ ಗೆಳೆತನ ಬೇಕಿಲ್ಲ. ನನಗೆ ಊರಲ್ಲಿ ಗೆಳೆಯರಿದ್ದಾರೆ, ಅದಕ್ಕೇ ಊರಿಗೆ ಬಂದಿದ್ದು. ಸರಿಯಾದ ಸಂಬಳ, ಕೇಳಿದಾಗ ರಜೆ, ಸಮಯಕ್ಕೆ ಸರಿಯಾಗಿ ಕೆಲಸದಿಂದ ಬಿಡುವು ಕೊಟ್ಟರೆ ತಂಡ ತಾನಾಗಿ ಚೆನ್ನಾಗಿರುತ್ತದೆ. ಅದನ್ನು ಕೊಡದೆ ಆಟ ಆಡಿಸಿದರೆ ಜನರಿಗೆ ಸಿಟ್ಟೇ ಬರುತ್ತದೆ.

ಹೊಳೆದಂಡೆ

ನಿಮ್ಮ ಮಾತು ಒಪ್ಪುತ್ತೇನೆ. ಗೆಳೆತನ ಮಾಡಿಸೋದು ನನ್ನ ಕೆಲಸ ಅಲ್ಲ. "ಇಲ್ಲಿ ತಪ್ಪಿದೆ" ಅಂತ ಹೆದರದೆ ಫೋನ್ ಮಾಡುವಷ್ಟು ಪರಿಚಯ ಇದ್ದರೆ ಸಾಕು. ಅಕ್ಕಾ (ಕೊಟ್ಟಿಗೆ ಬೆಳಕು), ನೀವು ಹೇಳಿದ ಮೇಲೆ ಶುಕ್ರವಾರದ ಸಂಜೆ ತೆಗೆದುಹಾಕಿದೆ.

ಐದನೇ ತಿರುವು (ಶಿವಮೊಗ್ಗ, ವಿನೋಬನಗರ)

ನಾನು ಎಚ್‌ಆರ್ ವಿಭಾಗದಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಈ ಚರ್ಚೆಗೆ ನೇರವಾಗಿ ಸೇರುವ ಒಂದು ಅಧ್ಯಯನ ಇದೆ. ಮೈಕ್ರೋಸಾಫ್ಟ್‌ನ ಅಮೆರಿಕದ 61,000ಕ್ಕೂ ಹೆಚ್ಚು ನೌಕರರು 2020ರ ಮೊದಲ ಆರು ತಿಂಗಳಲ್ಲಿ ಯಾರು ಯಾರ ಜೊತೆ ಮಾತಾಡಿದರು ಅಂತ ಅವರದೇ ಸಂಶೋಧಕರು ನೋಡಿದರು. 2021ರಲ್ಲಿ ಅದು ಪ್ರಕಟವಾಯಿತು. ಎಲ್ಲರೂ ಮನೆಯಿಂದ ಕೆಲಸ ಶುರು ಮಾಡಿದ ಮೇಲೆ ಹತ್ತಿರದವರ ಜೊತೆ ಮಾತು ಗಟ್ಟಿಯಾಯಿತು, ದೂರದ ಗುಂಪುಗಳ ಜೊತೆ ಕೊಂಡಿ ಕಡಿಮೆಯಾಯಿತು. ನಿಮ್ಮ ಹುಬ್ಬಳ್ಳಿ ಹುಡುಗಿ ಮತ್ತು ಪುಣೆಯವರ ನಡುವೆ ಇಲ್ಲದ ಕೊಂಡಿ ಅಂಥದ್ದೇ.

ಇನ್ನೊಂದು, ಹಾರ್ವರ್ಡ್‌ನ ಏಮಿ ಎಡ್ಮಂಡ್ಸನ್ 1999ರಲ್ಲಿ ಬರೆದ ವಿಷಯ. ತಪ್ಪು ಒಪ್ಪಿಕೊಂಡರೆ, ಪ್ರಶ್ನೆ ಕೇಳಿದರೆ ಯಾರೂ ತನ್ನನ್ನು ಸಣ್ಣವರನ್ನಾಗಿ ನೋಡುವುದಿಲ್ಲ ಅನ್ನುವ ನಂಬಿಕೆ ಇರುವ ತಂಡಗಳು ಬೇಗ ಕಲಿಯುತ್ತವೆ ಅಂತ ಅವರು ತೋರಿಸಿದರು. ಆ ನಂಬಿಕೆ ಕ್ವಿಜ್‌ನಿಂದ ಬರುವುದಿಲ್ಲ. ಲೀಡ್ ತನ್ನ ತಪ್ಪನ್ನು ಎಲ್ಲರೆದುರು ಹೇಳಿದಾಗ ಬರುತ್ತದೆ. ಮುಂದಿನ ಸೋಮವಾರದ ಮೀಟಿಂಗ್‌ನಲ್ಲಿ ನಿಮ್ಮದೇ ಒಂದು ತಪ್ಪಿನಿಂದ ಶುರು ಮಾಡಿ ನೋಡಿ.

ಒಂದು ಅಳತೆಯೂ ಇಟ್ಟುಕೊಳ್ಳಿ. "ಖುಷಿಯಾಯಿತಾ?" ಅಂತ ಫಾರ್ಮ್ ತುಂಬಿಸಿದರೆ ಎಲ್ಲರೂ ಹೌದು ಅಂತಲೇ ಬರೆಯುತ್ತಾರೆ. ವಾರದಲ್ಲಿ ಎಷ್ಟು ಸಲ ಇಬ್ಬರು ನಿಮ್ಮನ್ನು ನಡುವೆ ತರದೆ ನೇರವಾಗಿ ಮಾತಾಡಿಕೊಂಡು ಕೆಲಸ ಮುಗಿಸಿದರು ಅಂತ ಗಮನಿಸಿ.

ಕುದುರೆ ನಡೆ

9 ಜನ ಅಂದರೆ ಒಟ್ಟು 36 ಜೋಡಿ. ಚೆಸ್ ಪಂದ್ಯಾವಳಿಯಲ್ಲಿ ಎಲ್ಲರೂ ಎಲ್ಲರ ಜೊತೆ ಆಡುವ ಹಾಗೆ ಪಟ್ಟಿ ಹಾಕುತ್ತೇವಲ್ಲ, ಅದೇ ಇಲ್ಲೂ ಆಗುತ್ತದೆ. ವಾರಕ್ಕೆ 4 ಜೋಡಿ, ಒಬ್ಬರಿಗೆ ಬಿಡುವು. 9 ವಾರಕ್ಕೆ ಎಲ್ಲರೂ ಎಲ್ಲರ ಜೊತೆ ಒಂದು ಸಲ ಮಾತಾಡಿರುತ್ತಾರೆ.

ಎಲ್ಲರಿಗೂ 1ರಿಂದ 9ರವರೆಗೆ ನಂಬರ್ ಕೊಡಿ. ಮೊದಲ ವಾರ ಕೂಡಿದರೆ 10 ಬರುವ ಜೋಡಿಗಳು: 1-9, 2-8, 3-7, 4-6. 5ನೆಯವರಿಗೆ ಬಿಡುವು. ಎರಡನೇ ವಾರ 11: 2-9, 3-8, 4-7, 5-6. 1ನೆಯವರಿಗೆ ಬಿಡುವು. ಮೂರನೇ ವಾರ 12 ಅಥವಾ 3: 3-9, 4-8, 5-7, 1-2. ಬಿಡುವು 6ನೆಯವರಿಗೆ. ಹೀಗೆ ಒಂದೊಂದೇ ಏರಿಸಿಕೊಂಡು ಹೋಗಿ. ಕಾಗದದ ಮೇಲೆ ಹತ್ತು ನಿಮಿಷದ ಕೆಲಸ.

20 ನಿಮಿಷ ಫೋನ್. ಏನು ಮಾತಾಡಬೇಕು ಅಂತ ಹೇಳಲೇಬೇಡಿ.

ಮದ್ದಳೆ ಪೆಟ್ಟು (ಸಾಗರದ ಕಡೆ)

ಕ್ಯಾಮೆರಾ ಬೇಡ, ಮಾತು ಸಾಕು ಅಂತ ಮೇಲೆ ಬರೆದದ್ದು ಓದಿ ನನಗೆ ನಮ್ಮ ತಾಳಮದ್ದಳೆ ನೆನಪಾಯಿತು. ನಾವು ಒಂದೂವರೆ ವರ್ಷದಿಂದ ಅದನ್ನೇ ಮಾಡುತ್ತಿದ್ದೇವೆ.

ಗೊತ್ತಿಲ್ಲದವರಿಗೆ ಹೇಳುವುದಾದರೆ, ಯಕ್ಷಗಾನದಲ್ಲಿ ವೇಷ ಇದೆ, ಕುಣಿತ ಇದೆ. ತಾಳಮದ್ದಳೆಯಲ್ಲಿ ಎರಡೂ ಇಲ್ಲ. ಭಾಗವತರು ಪದ (ಹಾಡು) ಹೇಳುತ್ತಾರೆ. ಪಂಚೆ, ಶಾಲಿನಲ್ಲಿ ಕೂತ ಅರ್ಥಧಾರಿಗಳು ರಾಮನಾಗಿ, ವಾಲಿಯಾಗಿ ಮಾತಿನಲ್ಲೇ ವಾದ ಮಾಡುತ್ತಾರೆ. ಬರೆದಿಟ್ಟ ಸಂಭಾಷಣೆ ಇರುವುದಿಲ್ಲ. ಎದುರಿನವರ ಮಾತನ್ನು ಪೂರ್ತಿ ಕೇಳಿಸಿಕೊಂಡು, ಅದನ್ನೇ ಹಿಡಿದು ಉತ್ತರ ಕಟ್ಟಬೇಕು. ಮಳೆಗಾಲದಲ್ಲಿ ಬಯಲಾಟ ನಿಂತಾಗ ಮನೆ ಜಗಲಿಯಲ್ಲಿ, ದೇವಸ್ಥಾನದಲ್ಲಿ ನಡೆಯುವುದು ಇದೇ.

ನಾವು ಮಾಡಿದ್ದು ಹೀಗೆ. ತಿಂಗಳಿಗೊಂದು ಸಲ 45 ನಿಮಿಷ, ಎಲ್ಲರೂ ಧ್ವನಿಯಲ್ಲಿ ಮಾತ್ರ. ಕೋಡ್ ಬರೆಯುವವರು ಟೆಸ್ಟರ್ (ಕೋಡ್‌ನಲ್ಲಿ ತಪ್ಪು ಹುಡುಕುವವರು) ಪಾತ್ರ ತೆಗೆದುಕೊಳ್ಳಬೇಕು. ಟೆಸ್ಟರ್ ಆದವರು ಕೋಡ್ ಬರೆಯುವವರ ಪಾತ್ರ. ಇನ್ನೊಬ್ಬರು ಗ್ರಾಹಕ. ಭಾಗವತರ ಜಾಗದಲ್ಲಿ ಒಬ್ಬರು ಸಂದರ್ಭ ಹೇಳಿ ಬಿಡುತ್ತಾರೆ: "ಸಾಫ್ಟ್‌ವೇರ್ ಬಿಡುಗಡೆಗೆ ಇನ್ನು ನಾಲ್ಕು ಗಂಟೆ ಇದೆ, ಈಗ ಒಂದು ತಪ್ಪು ಸಿಕ್ಕಿದೆ." ಒಬ್ಬೊಬ್ಬರಿಗೆ ಮೂರು ನಿಮಿಷ. ನಿಯಮ ಒಂದೇ, ಎದುರಿನವರು ಹೇಳಿದ್ದನ್ನು ಮೊದಲು ಅವರು ಒಪ್ಪುವ ಹಾಗೆ ತಿರುಗಿ ಹೇಳಬೇಕು, ಆಮೇಲೆ ನಿಮ್ಮ ವಾದ.

ನಮ್ಮಲ್ಲಿ ಹೆಚ್ಚು ಮಾತಾಡದ ಒಬ್ಬರಿದ್ದರು. ತಾನು ತಾನಾಗಿ ಮಾತಾಡು ಅಂದರೆ ಬಾಯಿ ಕಟ್ಟುತ್ತಿತ್ತು. ಪಾತ್ರ ಕೊಟ್ಟ ದಿನ ಹೇಗೆ ಮಾತಾಡಿದರು ಅಂದರೆ, ಕೇಳುತ್ತಾ ನನಗೆ ಮೈ ಜುಂ ಅಂದಿತು. ಟೆಸ್ಟರ್ ಆಗಿ ಅವರು ಹೇಳಿದ ಒಂದೊಂದು ಮಾತೂ ನಿಜವಾದ ಟೆಸ್ಟರ್‌ಗಳು ವರ್ಷದಿಂದ ಹೇಳಲಾಗದೆ ಉಳಿಸಿಕೊಂಡ ಮಾತು.

ಹಾಡು, ತಾಳ ಮಾತ್ರ ಆನ್‌ಲೈನ್‌ನಲ್ಲಿ ಸೇರಿಸಲು ಹೋಗಬೇಡಿ. ನಾವು ಪ್ರಯತ್ನ ಮಾಡಿದೆವು. ಧ್ವನಿ ಆ ಕಡೆ ಮುಟ್ಟುವುದು ತಡ ಆಗುತ್ತದೆ. ಮಾತಿಗೆ ಅದು ಗೊತ್ತಾಗುವುದಿಲ್ಲ, ತಾಳ ಮಾತ್ರ ಕೂಡುವುದೇ ಇಲ್ಲ.

ಕೊಟ್ಟಿಗೆ ಬೆಳಕು

ಎಷ್ಟು ಚೆನ್ನಾಗಿದೆ! ಕನ್ನಡ ಬಾರದವರು ಇದ್ದರೆ ಹೇಗೆ ಮಾಡುತ್ತೀರಿ?

ಮದ್ದಳೆ ಪೆಟ್ಟು

ಅವರವರಿಗೆ ಬಂದ ಭಾಷೆ ಅಕ್ಕಾ. ನಮ್ಮಲ್ಲಿ ಒಬ್ಬರು ಮಲಯಾಳಿ. ಅವರು ಇಂಗ್ಲಿಷ್‌ನಲ್ಲಿ ಮಾತಾಡಿದರು, ಸಿಟ್ಟು ಬಂದಾಗ ಮಲಯಾಳಂನಲ್ಲಿ. ಅರ್ಥ ಆಯಿತು.

ಹಳೇ ಚಪ್ಪರ (ಕೊಪ್ಪ)

ನನಗೆ 67 ವರ್ಷ. ಕಂಪ್ಯೂಟರ್ ಕೆಲಸ ಮಾಡಿದವನಲ್ಲ, ಅಡಿಕೆ ಬೆಳೆಗಾರ. ಮಗ ಮನೆಯಿಂದಲೇ ಕೆಲಸ ಮಾಡುತ್ತಾನೆ, ಈ ಚರ್ಚೆ ತೋರಿಸಿದ. ನನಗೆ ತಿಳಿದದ್ದು ಹೇಳುತ್ತೇನೆ, ಉಪಯೋಗ ಆದರೆ ಆಗಲಿ.

ನಾನು ಹುಡುಗ ಆಗಿದ್ದಾಗ ನಮ್ಮ ಕಡೆ ಮನೆಗಳು ಒಂದಕ್ಕೊಂದು ಕೂಗಿದರೆ ಕೇಳದಷ್ಟು ದೂರ. ಒಂದು ಗುಡ್ಡಕ್ಕೆ ಒಂದು ಮನೆ. ನೀವು ಈಗ ಬೇರೆ ಬೇರೆ ಊರಿನಲ್ಲಿ ಕೂತಿದ್ದೀರಲ್ಲ, ನಾವೂ ಹಾಗೇ ಇದ್ದೆವು. ಆದರೂ ಯಾರ ಮನೆಯ ಎಮ್ಮೆ ಗಬ್ಬ ಆಗಿದೆ, ಯಾರ ಮನೆಯಲ್ಲಿ ಮಾತು ಬಿಟ್ಟಿದ್ದಾರೆ, ಎಲ್ಲ ಗೊತ್ತಿರುತ್ತಿತ್ತು. ಮುಯ್ಯಾಳಿನಿಂದ.

ಇವತ್ತು ನಿಮ್ಮ ಮನೆಯ ನಾಟಿಗೆ ನಮ್ಮ ಮನೆಯಿಂದ ಇಬ್ಬರು ಬರುತ್ತೇವೆ. ನಾಳಿದ್ದು ನಮ್ಮ ಗದ್ದೆಗೆ ನಿಮ್ಮ ಮನೆಯಿಂದ ಇಬ್ಬರು ಬರಬೇಕು. ದುಡ್ಡಿಲ್ಲ, ಆಳಿಗೆ ಆಳು. ಅಡಿಕೆ ಸುಲಿಯುವ ಕಾಲಕ್ಕೂ ಹಾಗೇ. ರಾತ್ರಿ ಊಟ ಮುಗಿಸಿ ಮೆಟ್ಟುಗತ್ತಿ ಎದುರು ಕೂತರೆ ಕೈ ತನ್ನ ಪಾಡಿಗೆ ಸುಲಿಯುತ್ತದೆ, ಬಾಯಿ ತನ್ನ ಪಾಡಿಗೆ ಮಾತಾಡುತ್ತದೆ. ಕಣ್ಣು ಅಡಿಕೆ ಮೇಲೆ ಇರುತ್ತದಲ್ಲ, ಎದುರಿನವರ ಮುಖ ನೋಡಬೇಕಾಗಿಲ್ಲ. ಮುಖ ನೋಡಿಕೊಂಡು ಹೇಳಲಾಗದ ಎಷ್ಟೋ ಮಾತು ಅಲ್ಲಿ ಹೊರಗೆ ಬರುತ್ತಿತ್ತು. ನನ್ನ ಅಣ್ಣ ಮತ್ತು ಪಕ್ಕದ ಮನೆಯವರ ನಡುವಿನ, ಗುಡ್ಡದಿಂದ ಹರಿದು ಬರುವ ಅಬ್ಬಿ ನೀರಿನ ಜಗಳ ಒಂದು ರಾತ್ರಿ ಸುಲಿಯುತ್ತಾ ಸುಲಿಯುತ್ತಾ ಮುಗಿಯಿತು. ಯಾರೂ ಪಂಚಾಯಿತಿಗೆ ಕೂರಿಸಿರಲಿಲ್ಲ.

ನಿಮ್ಮ ಕೆಲಸದಲ್ಲೂ ಬೇಜಾರು ತರಿಸುವ, ಮುಂದಕ್ಕೆ ಹಾಕುತ್ತಾ ಬಂದ ಕೆಲಸ ಇರುತ್ತದೆ, ಅಲ್ವಾ? ಮಗನನ್ನು ಕೇಳಿದೆ, ರಾಶಿ ಇದೆ ಅಂದ. ಅದಕ್ಕೆ ಮುಯ್ಯಾಳು ಮಾಡಿ. ಒಬ್ಬರ ಕೆಲಸಕ್ಕೆ ಇಬ್ಬರು ಹೋಗಿ ಕೂರಲಿ, ಲೈನ್‌ನಲ್ಲಿ ಇದ್ದುಕೊಂಡೇ ಮುಗಿಸಲಿ. ಮುಂದಿನ ಸಲ ಅವರ ಸರದಿ. ಆಟಕ್ಕೆ ಬರಲು ನಾಚಿಕೆ ಆಗುವವರಿಗೂ ಸಹಾಯಕ್ಕೆ ಬರಲು ನಾಚಿಕೆ ಇರುವುದಿಲ್ಲ.

ಹೊಳೆದಂಡೆ

ದೊಡ್ಡವರೇ, ನಿಮ್ಮ ಮಾತು ಎರಡು ಸಲ ಓದಿದೆ. ಅಪ್ಪನಿಗೂ ಓದಿ ಹೇಳಿದೆ. "ಸರಿಯಾಗಿ ಹೇಳಿದ್ದಾರೆ" ಅಂತ ಹೇಳಿ ಸುಮಾರು ಹೊತ್ತು ಸುಮ್ಮನೆ ಕೂತಿದ್ದರು. ಹಾಗೇ ಮಾಡುತ್ತೇನೆ.

ಬಿಸ್ಕೆಟ್ ಡಬ್ಬಿ

ಒಂದು ಸಣ್ಣ ವಿಷಯ. ನಾವು ತಿಂಗಳಿಗೆ ಒಬ್ಬರಂತೆ ನಮ್ಮ ಊರಿನ ತಿಂಡಿ ಅಂಚೆಯಲ್ಲಿ ಕಳಿಸುತ್ತೇವೆ, ಎಲ್ಲರಿಗೂ ಸ್ವಲ್ಪ ಸ್ವಲ್ಪ. ತೊಡೆದೇವು (ಕಾಗದದ ಹಾಗೆ ತೆಳ್ಳಗಿನ ಸಿಹಿತಿಂಡಿ) ಕಳಿಸುವುದಾದರೆ ತಗಡಿನ ಬಿಸ್ಕೆಟ್ ಡಬ್ಬಿಯಲ್ಲಿ ಇಡಿ, ಇಲ್ಲದಿದ್ದರೆ ಪುಡಿ ಮುಟ್ಟುತ್ತದೆ. ಹಲಸಿನ ಹಪ್ಪಳ ಮಳೆಗಾಲದಲ್ಲಿ ಬೇಡ. ಅಪ್ಪೆಮಿಡಿ ಉಪ್ಪಿನಕಾಯಿಯ ಬಾಟಲಿಗೆ ಎರಡು ಪ್ಲಾಸ್ಟಿಕ್ ಕವರ್ ಹಾಕಿ ಕಟ್ಟಿ. ಖರ್ಚು ಕಂಪನಿಯಿಂದ ಕೇಳಿ, ನೌಕರರ ಜೇಬಿನಿಂದ ಆಗಬಾರದು.

ಆರು ಗಂಟೆ

ಮುಯ್ಯಾಳಿನ ಮಾತು ನನಗೂ ಹಿಡಿಸಿತು. ಅದಕ್ಕೆ ನಾನೂ ಬರುತ್ತೇನೆ. ಕೆಲಸ ಹಗುರ ಆಗುತ್ತದಲ್ಲ.

ಐದನೇ ತಿರುವು

ವರ್ಷಕ್ಕೆ ಒಂದು ಸಲವಾದರೂ ಎದುರು ಬದುರು ಸಿಗುವುದು ಬೇಕು. ಊರು ಊರು ಸುತ್ತುವ ಪ್ರವಾಸ ಮಾಡಬೇಡಿ. ಕಂಪನಿಗಳು ಜೋಗ, ಆಗುಂಬೆ, ಕವಲೇದುರ್ಗ, ಸಕ್ರೆಬೈಲು ಎಲ್ಲ ಎರಡೇ ದಿನಕ್ಕೆ ತುರುಕುತ್ತವೆ. ಶಿವಮೊಗ್ಗದಿಂದ ಜೋಗಕ್ಕೇ ಸುಮಾರು 100 ಕಿಲೋಮೀಟರ್. ಜನ ವಾಹನದಲ್ಲಿ ನಿದ್ದೆ ಮಾಡಿ ವಾಪಸ್ ಹೋಗುತ್ತಾರೆ. ಒಂದು ಜಾಗ ಸಾಕು. ಕೂಡ್ಲಿಗೆ ಹೋಗಿ ತುಂಗೆ, ಭದ್ರೆ ಸೇರುವಲ್ಲಿ ಮೆಟ್ಟಿಲ ಮೇಲೆ ಕೂತರೂ ಅರ್ಧ ದಿನ ಮಾತಾಡಬಹುದು. ಮಳೆಗಾಲದಲ್ಲಿ ಕಾಡು, ಬೆಟ್ಟ ಹತ್ತಿಸಬೇಡಿ. ಇಂಬಳ (ಜಿಗಣೆ) ನೋಡದವರು ಹೆದರುತ್ತಾರೆ, ಕಲ್ಲು ಜಾರುತ್ತದೆ.

ಹೊಳೆದಂಡೆ, ಸೆಪ್ಟೆಂಬರ್ 17

ಏನಾಯಿತು ಅಂತ ಹೇಳಬೇಕಲ್ಲ. ಜೋಡಿ ಮಾತು ಕಳೆದ ವಾರ 9 ವಾರ ಪೂರ್ತಿ ಮಾಡಿತು. ನಾಲ್ಕನೇ ವಾರ ಮೂರು ಜೋಡಿ ಮಾತಾಡಲೇ ಇಲ್ಲ, ಬಿಡುಗಡೆಯ ಒತ್ತಡ ಇತ್ತು. ಆ ಮೂರನ್ನು ಕೊನೆಗೆ ಸೇರಿಸಿದೆವು. ಹುಬ್ಬಳ್ಳಿ ಹುಡುಗಿ ಮತ್ತು ಪುಣೆಯ ಹಿರಿಯರ ಸರದಿ ಬಂದದ್ದು ಆರನೇ ವಾರ. 20 ನಿಮಿಷ ಅಂದಿದ್ದೆ, ಒಂದು ಗಂಟೆ ಮಾತಾಡಿದ್ದಾರೆ. ಅವರ ಮಗಳೂ ಇವಳ ಹಾಗೇ ಮೊದಲ ಕೆಲಸಕ್ಕೆ ಈಗಷ್ಟೇ ಸೇರಿದ್ದಾಳಂತೆ.

ಮುಯ್ಯಾಳು ಹದಿನೈದು ದಿನಕ್ಕೊಮ್ಮೆ, ಬುಧವಾರ 11ರಿಂದ 1. ಮೊದಲ ಸಲ ನನ್ನ ಕೆಲಸವನ್ನೇ ಇಟ್ಟೆ. ಎರಡು ವರ್ಷದಿಂದ ನಾನು ಬರೆಯದೆ ಬಿಟ್ಟ ದಾಖಲೆಗಳು. ಬರೆಯದೆ ಬಿಟ್ಟದ್ದು ನನ್ನ ತಪ್ಪು ಅಂತ ಮೊದಲೇ ಹೇಳಿದೆ. ಬಂದ ಇಬ್ಬರಲ್ಲಿ ಒಬ್ಬರು, "ನನ್ನದೂ ಇದೆ, ಹೇಳಲು ಹೆದರಿಕೆ ಆಗಿತ್ತು" ಅಂದರು. ಈಗ ಪಟ್ಟಿ ಉದ್ದ ಇದೆ, ಡಿಸೆಂಬರ್‌ವರೆಗೆ ಸರದಿ ತುಂಬಿದೆ.

ತಾಳಮದ್ದಳೆ ಮಾದರಿ ಒಂದು ಸಲ ಮಾಡಿದೆವು, ಅಷ್ಟೇನೂ ಕೂಡಲಿಲ್ಲ. ನಾನು ಸಂದರ್ಭ ಸರಿಯಾಗಿ ಕೊಡಲಿಲ್ಲ ಅನಿಸುತ್ತದೆ. ಮತ್ತೆ ಪ್ರಯತ್ನ ಮಾಡುತ್ತೇವೆ. ಸಾಗರದವರು ಮಾತ್ರ ಗ್ರಾಹಕನ ಪಾತ್ರದಲ್ಲಿ ಮೂರು ನಿಮಿಷ ಕೊಟ್ಟರೆ ಹನ್ನೊಂದು ನಿಮಿಷ ತೆಗೆದುಕೊಂಡರು, ಯಾರಿಗೂ ತಡೆಯಲು ಮನಸ್ಸು ಬರಲಿಲ್ಲ.

ಹೊಳೆದಂಡೆ, ಡಿಸೆಂಬರ್ 3

ಎಲ್ಲರೂ ನಮ್ಮ ಮನೆಗೆ ಬಂದು ಹೋದರು. ಪುಣೆಯವರು ಬೆಂಗಳೂರಿಗೆ ಬಂದು, ಅಲ್ಲಿನವರ ಜೊತೆ ಶಿವಮೊಗ್ಗಕ್ಕೆ ರೈಲು ಹಿಡಿದರು. ಹುಬ್ಬಳ್ಳಿಯವರು ಬಸ್ಸಿನಲ್ಲಿ. ಖರ್ಚು ಕಂಪನಿಯದೇ. ಮೂರು ದಿನ ಎಲ್ಲೂ ಸುತ್ತಲಿಲ್ಲ. ಒಂದು ಬೆಳಿಗ್ಗೆ ಸಕ್ರೆಬೈಲಿನಲ್ಲಿ ಆನೆಗಳ ಸ್ನಾನ ನೋಡಿ ಬಂದೆವು, ಅಷ್ಟೇ. ಉಳಿದಂತೆ ಮನೆಯಲ್ಲಿ ಅಡಿಕೆ ಕೆಲಸ. ಮೆಟ್ಟುಗತ್ತಿ ಹೊಸಬರಿಗೆ ಅಪಾಯ, ಅದನ್ನು ಅಪ್ಪ ಮತ್ತು ಊರಿನವರು ಮಾತ್ರ ಮುಟ್ಟಿದರು. ನಮ್ಮವರು ಗೊನೆಯಿಂದ ಕಾಯಿ ಬಿಡಿಸಿದರು, ಬುಟ್ಟಿ ಹೊತ್ತರು, ಚೊಗರಿನಲ್ಲಿ (ಅಡಿಕೆ ಬೇಯಿಸುವ ಕೆಂಪು ರಸ) ಬೆಂದ ಅಡಿಕೆಯನ್ನು ಚಪ್ಪರದ ಮೇಲೆ ಹರಡಿದರು. ರಾತ್ರಿ ಹನ್ನೊಂದಾದರೂ ಯಾರೂ ಏಳಲಿಲ್ಲ. ಅಮ್ಮ ಎರಡು ಸಲ ಕಷಾಯ ಮಾಡಿದರು.

ಐದನೇ ತಿರುವು ಅವರು ಹೇಳಿದ ಅಳತೆ, ಅಂದರೆ ನನ್ನನ್ನು ನಡುವೆ ತರದೆ ಇಬ್ಬರು ನೇರವಾಗಿ ಮಾತಾಡಿಕೊಂಡ ಲೆಕ್ಕ, ಬರೆದಿಟ್ಟಿದ್ದೇನೆ. ಜೂನ್‌ನಲ್ಲಿ ವಾರಕ್ಕೆ ಒಂದೋ ಎರಡೋ ಇತ್ತು. ನವೆಂಬರ್ ಕೊನೆಯ ವಾರ 14.

ಹೋದ ಗುರುವಾರ ರಾತ್ರಿ ಬಿಲ್ಲಿಂಗ್‌ನಲ್ಲಿ ಮತ್ತೊಂದು ತೊಂದರೆ ಬಂತು. ನನಗೆ ಗೊತ್ತಾದದ್ದು ಮರುದಿನ ಬೆಳಿಗ್ಗೆ. ಹುಬ್ಬಳ್ಳಿ ಹುಡುಗಿ ರಾತ್ರಿಯೇ ನೇರವಾಗಿ ಪುಣೆಗೆ ಫೋನ್ ಮಾಡಿದ್ದಳು.

ದೊಡ್ಡವರೇ, ನಿಮ್ಮ ಮಗನ ಟೀಮಿನಲ್ಲಿ ಮುಯ್ಯಾಳು ಶುರು ಮಾಡುವುದಾದರೆ ನಮ್ಮ ಸರದಿ ಪಟ್ಟಿ ಕೊಡುತ್ತೇನೆ.

ಹಳೇ ಚಪ್ಪರ

ಕಳಿಸಪ್ಪ. ಅವರು 12 ಜನ ಇದ್ದಾರಂತೆ. ಚೆಸ್ ಆಡುವವರನ್ನು ಕೇಳಿ, 12 ಜನಕ್ಕೆ ಜೋಡಿ ಹಾಕುವುದು ಹೇಗೆ ಅಂತ.

ಕುದುರೆ ನಡೆ

ಸಮಸಂಖ್ಯೆ ಆದರೆ ಯಾರಿಗೂ ಬಿಡುವು ಇಲ್ಲ. 11 ವಾರ, ವಾರಕ್ಕೆ 6 ಜೋಡಿ, ಒಟ್ಟು 66. ಒಬ್ಬರನ್ನು ಪಕ್ಕಕ್ಕೆ ಇಟ್ಟು, ಉಳಿದ 11 ಜನಕ್ಕೆ ಮೇಲಿನ ಹಾಗೇ ಪಟ್ಟಿ ಹಾಕಿ. ಪ್ರತಿ ವಾರ ಬಿಡುವು ಬಂದವರಿಗೆ ಆ ಒಬ್ಬರನ್ನು ಜೋಡಿ ಮಾಡಿದರೆ ಆಯಿತು. ರಾತ್ರಿ ಕೂತು ಬರೆದು ಹಾಕುತ್ತೇನೆ ದೊಡ್ಡವರೇ.